ಟವೆಲ್ಲಿನ ಕೆಳಗಿನ ಕಮಿಷನ್

‘ಜೂನ್ ಒಂಬತ್ತು. ಇಂದಿನಿಂದ ಈ ಮನೆಯ ಯಾವ ವ್ಯವಹಾರದಲ್ಲೂ ಯಾರಿಗೂ ಕಮಿಷನ್ ಇಲ್ಲ.’ ಹಳೆಯ ಡೈರಿಯಲ್ಲಿ ಹೀಗೆ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೇನೆ. ಆದರೂ ಕಮಿಷನ್ ನನ್ನ ಬೆನ್ನು ಬಿಟ್ಟಿಲ್ಲ. ನಾನು ಅರ್ಥಶಾಸ್ತ್ರ ಓದಿದ ಪದವೀಧರೆ. ಪುಸ್ತಕದ ಪ್ರಕಾರ ಕಮಿಷನ್ ಎಂದರೆ ವ್ಯಾಪಾರ ಕುದುರಿಸಿದವನಿಗೆ ಸಲ್ಲುವ ಪಾಲು. ನಮ್ಮ ಪಾಲಹಳ್ಳಿಯಲ್ಲಿ ಮಾತ್ರ ಅದು ಯಾವಾಗಲೂ ಬೇರೆಯವರು ತಿನ್ನುವಂಥದ್ದು. ನಾವೇ ತಿಂದರೆ ಅದಕ್ಕೆ ಬಸ್ ಚಾರ್ಜು ಎನ್ನುತ್ತೇವೆ.

ಒಂದೇ ಅಂಗಡಿ

ಶ್ರೀರಂಗಪಟ್ಟಣದಲ್ಲಿ ಹಾಲಿನ ಕ್ಯಾನು ಕೊಳ್ಳಬೇಕಿತ್ತು. ಆಟೋ ಓಡಿಸುವ ಭಾಯಿ, “ಅಮ್ಮಾ, ಒಂದೇ ಅಂಗಡಿ ಐತೆ, ಅಲ್ಲೇ ಹೋಗಣ” ಎಂದರು. ನನಗೆ ವಾಸನೆ ಬಡಿಯಿತು.

“ನಿಮಗೆಷ್ಟು ಕಮಿಷನ್ ಕೊಡ್ತಾರೆ?”

“ಅದು ನಮ್ಮ ಮಾವಂದು ಅಂಗಡಿ ಅಮ್ಮಾ. ಮದುವೆ ಆಗಿ ಹನ್ನೊಂದು ವರ್ಷ, ಒಂದು ಚಾಯ್ ಕೊಟ್ಟಿಲ್ಲ. ಗಿರಾಕಿ ಕರ್ಕೊಂಡು ಹೋದ್ರೆ ಕೊಡ್ತಾರೇನೋ ಅಂತ!”

ಹೋದೆವು. ಚಾಯ್ ಬಂತು, ನನಗೊಬ್ಬಳಿಗೇ.

ಇನ್ನೂರು ರೂಪಾಯಿ

ಇದನ್ನು ಕೇಳಿ ನಮ್ಮ ಯಜಮಾನರು ನಕ್ಕರು. “ನಾಗಮಂಗಲದಿಂದ ನಿನ್ನ ತರೋಕೂ ನಮ್ಮಪ್ಪ ಕಮಿಷನ್ ಕೊಟ್ಟಿದ್ರು ಕಣೆ. ಇನ್ನೂರು. ಹುಡುಗಿ ಓದಿದೋಳು, ಯಾರನ್ನೂ ಒಂದು ಮಾತು ಎದುರು ಕೇಳಕಿಲ್ಲ ಅಂದಿದ್ದ ಆ ದಲ್ಲಾಳಿ.”

“ಆಮೇಲೆ?”

“ಆಮೇಲೇನು, ನಮ್ಮಪ್ಪ ಇರೋವರೆಗೂ ಅವನನ್ನ ಹುಡುಕ್ತಾನೇ ಇದ್ರು.”

ಸಂತೆಯಲ್ಲಿ ನನ್ನ ಕೈ

ಹಸು ಕೊಳ್ಳಲು ಕೆ.ಆರ್. ಪೇಟೆ ಕಡೆಯ ದನದ ಸಂತೆಗೆ ಹೋದೆ. ಡೇರಿಗೆ ಹಾಲು ಹಾಕಿ ಕೂಡಿಸಿದ್ದ ಐವತ್ತು ಸಾವಿರ ಕೈಯಲ್ಲಿತ್ತು. ಟೆಂಪೋ, ಬೂಸಾ ಎಲ್ಲ ಅದರಲ್ಲೇ ಆಗಬೇಕು. ಸಿಂಧಘಟ್ಟದ ರೈತನೊಬ್ಬನ ಹಸು ಹಿಡಿಸಿತು.

“ಅಕ್ಕಾ, ನಲವತ್ತೈದಕ್ಕೆ ಇಳುಸ್ತೀನಿ. ನಂಗೆ ಐನೂರು ಕೊಡಿ, ಸಾಕು,” ಎಂದ ಸಂತೆಯ ದಲ್ಲಾಳಿಯೊಬ್ಬ.

ಬಾಯಲ್ಲಿ ಐನೂರು. ಮರೆಯಲ್ಲಿ ಎಷ್ಟೋ! ಸಂತೆಯಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಟವೆಲ್ಲಿನ ಕೆಳಗೆ ಒಬ್ಬರ ಬೆರಳನ್ನು ಇನ್ನೊಬ್ಬರು ಹಿಡಿಯುತ್ತಾರೆ. ಬೆರಳಿಗೆ ಹತ್ತು ಸಾವಿರ. ಬಿಡಿ ಸಾವಿರಗಳಿಗೆ ಮತ್ತೊಮ್ಮೆ ಹಿಡಿತ. ಹಿಡಿದ ಬೆಲೆ ತಪ್ಪುವಂತಿಲ್ಲ. ಕಮಿಷನ್ ಅಡಗುವುದು ಆ ಟವೆಲ್ಲಿನ ಕೆಳಗೇ ಎಂದು ನನಗೆ ಖಾತ್ರಿಯಾಯಿತು.

“ನಾನೇ ಕೈ ಹಾಕ್ತೀನಿ,” ಎಂದೆ.

“ಬ್ಯಾಡಿ ಅಕ್ಕಾ, ನಿಮ್ಗಾಗಕಿಲ್ಲ!”

ಹಾಕಿಯೇಬಿಟ್ಟೆ. ರೈತ ಬೆವೆತುಹೋದ. “ಅವ್ವಾ, ಪರಹೆಂಗಸ್ರ ಕೈಯ ಎಂಗವ್ವಾ ಇಡ್ಕಳ್ಳಿ?” ಎನ್ನುತ್ತ ಮೆಲ್ಲಗೆ ಕೈ ಜಾರಿಸಿದ. ಕಳ್ಳ, ತಪ್ಪಿಸಿಕೊಳ್ಳುತ್ತಿದ್ದಾನೆ ಎನಿಸಿ, ನಾನು ಅವನ ಕೈಯನ್ನು ಇಡಿಯಾಗಿ ಬಿಗಿಹಿಡಿದೆ. ಐದೂ ಬೆರಳು.

ರೈತನ ಮುಖ ಅರಳಿತು. ಹಸುವಿನ ಬೆನ್ನು ತಟ್ಟಿ, “ಆಯ್ತು ಬುಡವ್ವಾ, ಹಸ ನಿಂದೇ!” ಎಂದ.

ದಲ್ಲಾಳಿ ತಲೆ ಮೇಲೆ ಕೈ ಹೊತ್ತ. “ಅಯ್ಯೋ ಅಕ್ಕಾ, ಐವತ್ತು ಕೊಟ್ಬುಟ್ರಲ್ಲಾ! ಅವ್ನು ನಲವತ್ತೈದಕ್ಕೇ ಕಾಯ್ತಿದ್ದ.”

ಐವತ್ತನ್ನೂ ರೈತನಿಗೆ ಎಣಿಸಿಕೊಟ್ಟು, “ಹೋಗಲಿ, ನಿನ್ನ ಕಮಿಷನ್...” ಎಂದು ಖಾಲಿ ಪರ್ಸು ತೆರೆದೆ.

“ನಾನು ಕೈ ಆಕ್ದಿರೋ ಯಾಪಾರ್ದಲ್ಲಿ ಕಾಸು ಮುಟ್ಟಕಿಲ್ಲ ಅಕ್ಕಾ. ಟೆಂಪೋ ಬಾಡಿಗೆ ನಾನೇ ಕೊಟ್ಟಿರ್ತೀನಿ, ಮುಂದಿನ ಸಂತೆಗೆ ಕೊಡಿ.”

ಅಂದಿನ ಲೆಕ್ಕ ಡೈರಿಯಲ್ಲಿದೆ. ಹಸುವಿಗೆ ಐವತ್ತು ಸಾವಿರ, ಆಗಬೇಕಿದ್ದುದಕ್ಕಿಂತ ಐದು ಸಾವಿರ ಹೆಚ್ಚು. ಟೆಂಪೋಗೆ ಸಾವಿರದ ಇನ್ನೂರು, ದಲ್ಲಾಳಿಯಿಂದ ಸಾಲ. ಕಮಿಷನ್, ಇಲ್ಲ.