ಸೊಳ್ಳೆಗಳ ಮರೆಯಲ್ಲಿ ಒಂದು ಸಂಸಾರ

ಮದುವೆಯಾಗಿ ಇಪ್ಪತ್ತೇಳು ವರ್ಷ ನಾನು ಸೊಳ್ಳೆಗಳ ಮರೆಯಲ್ಲಿ ಅಡಗಿಕೊಂಡು ಬದುಕಿದ್ದೇನೆ. ಕೆಲವರು ಮಂಡಿನೋವಿನ ಮರೆಯಲ್ಲಿ ಅಡಗುತ್ತಾರೆ, ಕೆಲವರು ಆಫೀಸಿನ ಮರೆಯಲ್ಲಿ. ನನಗೆ ಒದಗಿ ಬಂದದ್ದು ಸೊಳ್ಳೆ. ನೆಪವೊಂದು ಬಹುಕಾಲ ಬಾಳಬೇಕಾದರೆ ಅದು ಪೂರ್ತಿ ಸುಳ್ಳಾಗಿರಬಾರದು. ನನ್ನದು ಮುಕ್ಕಾಲು ಪಾಲು ನಿಜವೇ ಆಗಿತ್ತು. ಹತ್ತು ಜನ ಕೂತಿರುವ ಕಡೆ ಸೊಳ್ಳೆಗಳು ಉಳಿದ ಒಂಬತ್ತು ಜನರನ್ನು ಮಾತಿಗೂ ಕರೆಯದೆ ನೇರವಾಗಿ ನನ್ನ ಹತ್ತಿರ ಬರುತ್ತವೆ. ಕಚ್ಚಿದ ಜಾಗ ಇಡ್ಲಿಯ ಹಾಗೆ ಉಬ್ಬುತ್ತದೆ. ಆ ಗುಳ್ಳೆಗಳನ್ನು ಸಾಕ್ಷಿಗೆ ತೋರಿಸಿ ನಾನು ಎಷ್ಟೋ ಪ್ರವಾಸಗಳಿಂದ, ತೋಟದ ಊಟಗಳಿಂದ ಪಾರಾಗಿದ್ದೇನೆ. ಇನ್ನುಳಿದ ಕಾಲು ಪಾಲಿನ ವಿಷಯವನ್ನು ಯಾರಿಗೂ ಹೇಳಿರಲಿಲ್ಲ, ನಿಮಗೆ ಹೇಳುತ್ತೇನೆ. ಏರು ಹತ್ತುವಾಗ ನನಗೆ ವಿಪರೀತ ಏದುಸಿರು ಬರುತ್ತದೆ. ಎಲ್ಲರಿಗಿಂತ ಹಿಂದೆ, ಸೊಂಟದ ಮೇಲೆ ಕೈಯಿಟ್ಟುಕೊಂಡು, ಹೆಂಡತಿಯ ಕಣ್ಣೆದುರಿಗೇ ಕೊನೆಯವನಾಗಿ ಬೆಟ್ಟ ಹತ್ತುವುದನ್ನು ನೆನೆಸಿಕೊಂಡರೆ ನನಗೆ ನಾಚಿಕೆಯಾಗುತ್ತದೆ. ಅಷ್ಟೇ ವಿಷಯ.

ನನ್ನ ಹೆಂಡತಿ ವಿಮಲಾ ಫ್ರೇಜರ್ ಟೌನಿನ ಒಂದು ಶಾಲೆಯಲ್ಲಿ ಭೂಗೋಳದ ಟೀಚರು. ಇಷ್ಟು ವರ್ಷ ಬೆಟ್ಟಗಳನ್ನು ಬೋರ್ಡಿನ ಮೇಲೆ ಬರೆಯುತ್ತ, ಗಂಟೆ ಹೊಡೆದ ಮೇಲೆ ಡಸ್ಟರಿನಿಂದ ಒರೆಸುತ್ತ ಬಂದವಳು. ಎರಡು ವರ್ಷದ ಹಿಂದೆ, ಐವತ್ತೆರಡನೆಯ ವಯಸ್ಸಿನಲ್ಲಿ, ಭಾನುವಾರ ಬೆಟ್ಟ ಹತ್ತುವ ಒಂದು ಗುಂಪಿಗೆ ಸೇರಿಕೊಂಡಳು. ಅವಳು ಬೆಳಗಿನ ಮಂಜಿನಲ್ಲಿ ಬೆನ್ನಿಗೆ ಚೀಲ ಹಾಕಿಕೊಂಡು ಹೊರಟರೆ, ನಾನು ಕಾಕ್ಸ್‌ಟೌನಿನ ನಮ್ಮ ಮೂರನೇ ಮಹಡಿಯ ಬಾಲ್ಕನಿಯಲ್ಲಿ ಕಾಫಿ ಹಿಡಿದು ನಿಂತು, ಅವಳ ಬಿಳಿ ಟೋಪಿ ಚರ್ಚಿನ ತಿರುವಿನಲ್ಲಿ ಮರೆಯಾಗುವವರೆಗೆ ನೋಡುತ್ತಿದ್ದೆ. ಒಂದು ಭಾನುವಾರ ಹಾಗೆ ಹೋಗಿ ಬಂದವಳು ಶೂ ಬಿಚ್ಚುತ್ತ ಹೇಳಿದಳು: "ಮುಂದಿನ ತಿಂಗ್ಳು ಕೋಲಾರದ ಕಡೆ ಒಂದು ಕೆರೆ ಹತ್ರ ಟೆಂಟ್ ಹಾಕ್ತಾರೆ. ಬೆಳಿಗ್ಗೆ ಎದ್ದು ಬೆಟ್ಟ ಹತ್ತೋದು. ನೀವೂ ಬರ್ಬೋದು."

ಇಲ್ಲಿ ನನ್ನ ಉದ್ಯೋಗವನ್ನು ಹೇಳಬೇಕು. ಇಂದಿರಾನಗರದ ಒಂದು ಆಫೀಸಿನಲ್ಲಿ ಜಾಹೀರಾತುಗಳ, ಔಷಧಿ ಡಬ್ಬಿಗಳ ಕನ್ನಡವನ್ನು ತಿದ್ದುವುದು ನನ್ನ ಕೆಲಸ. 'ಸೇವಿಸಬಾರದು' ಎನ್ನುವ ಕಡೆ 'ಸೇವಿಸಬಹುದು' ಎಂದು ಅಚ್ಚಾಗಿ ಹೋಗದಂತೆ ಕಾಯುವವನು ನಾನು. ಹೀಗಾಗಿ ಯಾರು ಏನೇ ಹೇಳಿದರೂ ಮೊದಲು ನನ್ನ ಕಣ್ಣಿಗೆ ಬೀಳುವುದು ಕ್ರಿಯಾಪದ. "ಬರ್ಬೋದು ಅಂದ್ರೆ ನನ್ನ ಕರೀತಿದೀಯೋ, ಪರ್ಮಿಷನ್ ಕೊಡ್ತಿದೀಯೋ?" ಎಂದು ಕೇಳಿದೆ. "ವ್ಯಾಕರಣ ಆಮೇಲೆ ಮಾಡೋರಂತೆ. ಬರ್ತೀರೋ ಇಲ್ವೋ?" ಎಂದಳು. ನಾನು ವಾಡಿಕೆಯಂತೆ, "ಅಲ್ಲ, ಕೆರೆ ಅಂದ್ರೆ ಸೊಳ್ಳೆ..." ಎಂದು ಶುರು ಮಾಡಿದೆ. "ಅದಕ್ಕೆ ಈಗ ಜೊತೇಲೇ ತಗೊಂಡ್ಹೋಗೋ ಮಷೀನ್ ಬಂದಿವೆ ರೀ. ಒಂದು ನೋಡಿ ತಗೊಳ್ಳಿ" ಎಂದು ಒಳಗೆ ಹೋದಳು. ಮದುವೆಯಾದ ಹೊಸದರಲ್ಲಿ ಒಮ್ಮೆ ಹೀಗೇ ಬೆಟ್ಟಕ್ಕೆ ಕರೆದಿದ್ದಳು. ಆಗಲೂ ಸೊಳ್ಳೆ ಎಂದಿದ್ದೆ. ಇದು ಎರಡನೆಯ ಸಲ. ವಿಮಲಾ ಮೂರನೆಯ ಸಲ ಕೇಳುವ ಪೈಕಿ ಅಲ್ಲ. ಈಗಲೂ ಇಲ್ಲವೆಂದರೆ ಇನ್ನು ಮುಂದೆ ಭಾನುವಾರಗಳು ಅವಳ ಪಾಲಿಗೆ, ಬಾಲ್ಕನಿ ನನ್ನ ಪಾಲಿಗೆ ಎಂದು ಕಾಯಂ ಆಗಿಬಿಡುತ್ತದೆ ಎಂದು ನನಗೆ ದಿಗಿಲಾಯಿತು.

ಹೀಗೆ ನಾನು ಮಷೀನು ಹುಡುಕತೊಡಗಿದೆ. ಹುಡುಕುವುದರಲ್ಲಿ ಇಷ್ಟು ಸುಖವಿದೆಯೆಂದು ಯಾರೂ ನನಗೆ ಹೇಳಿರಲಿಲ್ಲ. ಸಂಜೆ ಆಫೀಸಿನಿಂದ ಬಂದು ಬಾಲ್ಕನಿಯ ಬೆತ್ತದ ಕುರ್ಚಿಯಲ್ಲಿ ಕೂತು ಫೋನು ತೆರೆದರೆ, ಎದುರಿನ ಮಳೆಮರ ಎಲೆ ಮಡಚಿಕೊಳ್ಳುವುದರೊಳಗೆ ನಾನು ಯಾವುದೋ ಕಾಡಿನಲ್ಲಿರುತ್ತಿದ್ದೆ. ಕೊಂಡವರು ಬರೆದ ಅಭಿಪ್ರಾಯಗಳನ್ನು ಓದಬೇಕು ನೀವು. ಒಬ್ಬ ಮಹಾಶಯರು ನದಿಯ ದಂಡೆಯಲ್ಲಿ ಮೂರು ದಿನ ಮಲಗಿದ್ದರಂತೆ, ಸೊಳ್ಳೆಯ ಸುಳಿವಿಲ್ಲವಂತೆ, ನೀರಿನ ಸದ್ದೊಂದೇ ಕೇಳುತ್ತಿತ್ತಂತೆ. ಓದುತ್ತ ಓದುತ್ತ ನಾನೂ ಆ ನೀರಿನ ಪಕ್ಕ ಮಲಗಿ, ಬೆಣಚುಕಲ್ಲುಗಳ ಮೇಲೆ ಬೆಳಕು ಜಾರುವುದನ್ನು ನೋಡುತ್ತಿದ್ದೆ. ಇನ್ನೊಬ್ಬರು ಬರೆದಿದ್ದರು: 'ಇನ್ನೂ ಉಪಯೋಗಿಸಿಲ್ಲ, ಬಹಳ ಚೆನ್ನಾಗಿದೆ.' ಈ ಮನುಷ್ಯ ನನ್ನ ಜಾತಿಯವನು ಎನ್ನಿಸಿತು. ಹೋಗದೆಯೇ ಹೋಗಿ ಬರುವುದು ಎಷ್ಟು ನಿರಾಯಾಸ! ಅಲ್ಲಿ ಏರೂ ಇಲ್ಲ, ಏದುಸಿರೂ ಇಲ್ಲ.

ಸೊಳ್ಳೆ ಓಡಿಸುವ ವಿಷಯದಲ್ಲಿ ನನ್ನ ಬಾಲ್ಯದ ನೆನಪೊಂದು ಹೊಗೆಯಿಂದ ತುಂಬಿದೆ. ಹಲಸೂರಿನ ನಮ್ಮ ಬೀದಿಗೆ ಸಂಜೆ ಹೊಗೆ ಬಿಡುವ ಗಾಡಿ ಬರುತ್ತಿತ್ತು. "ಕೊಸು ವಂಡಿ, ಕೊಸು ವಂಡಿ" ಎಂದು, ಅಂದರೆ ಸೊಳ್ಳೆ ಗಾಡಿ ಎಂದು, ಪಕ್ಕದ ಮನೆಯ ತಮಿಳು ಮಕ್ಕಳು ಕೂಗಿದ್ದೇ ತಡ, ನಾವೆಲ್ಲ ಓದುವ ಪುಸ್ತಕ ಬಿಸಾಕಿ ಅದರ ಹಿಂದೆ ಓಡುತ್ತಿದ್ದೆವು. ಬಿಳಿಯ ದಟ್ಟ ಹೊಗೆ. ಅದರೊಳಗೆ ಹೊಕ್ಕರೆ ಬೀದಿಯಿಲ್ಲ, ಮನೆಯಿಲ್ಲ, ನಮ್ಮ ಕೈ ನಮಗೇ ಕಾಣುತ್ತಿರಲಿಲ್ಲ. ಎಲ್ಲಿಂದಲೋ ಗೆಳೆಯರ ನಗು ಮಾತ್ರ ಕೇಳುತ್ತಿತ್ತು. ಮೋಡದಲ್ಲಿ ಓಡಾಡುವುದೆಂದರೆ ಇದೇ ಎಂದು ನಾನು ನಂಬಿದ್ದೆ. ಹೊಗೆ ಇಳಿದ ಮೇಲೆ ನೋಡಿದರೆ ಎಲ್ಲ ಮುಂದೆ ಹೋಗಿರುತ್ತಿದ್ದರು, ನಾನೊಬ್ಬ ಚರಂಡಿಯ ಪಕ್ಕ ಕೆಮ್ಮುತ್ತ ನಿಂತಿರುತ್ತಿದ್ದೆ. ಆಗಲೂ ನಾನು ಹಿಂದೆಯೇ, ನೋಡಿ.

ಇರಲಿ. ಮಷೀನಿಗೆ ಬರೋಣ. ಮೊದಲು ಒಂದು ಕೈಪಟ್ಟಿ ತರಿಸಿದೆ. ಮನುಷ್ಯರಿಗೆ ಕೇಳಿಸದ ಸದ್ದನ್ನು ಅದು ಹೊರಡಿಸುತ್ತದೆಂದೂ ಸೊಳ್ಳೆಗಳು ಆ ಸದ್ದಿಗೆ ಹೆದರುತ್ತವೆಂದೂ ಬರೆದಿತ್ತು. ಕಟ್ಟಿಕೊಂಡು ಬಾಲ್ಕನಿಯಲ್ಲಿ ಕೂತೆ. ಸೊಳ್ಳೆಗಳು ಬಂದು ಆ ಪಟ್ಟಿಯ ಮೇಲೆಯೇ ಕೂತು ವಿಶ್ರಮಿಸಿಕೊಂಡವು. ಕೆಳಗಿನ ಮನೆಯ ನಾಯಿ ಮಾತ್ರ ಅಂದಿನಿಂದ ನನ್ನನ್ನು ಕಂಡರೆ ಮುಖ ತಿರುಗಿಸುತ್ತದೆ. ಆಮೇಲೆ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ತಗಡಿನ ಡಬ್ಬಿ ತಂದೆ. ಒಳಗೆ ಸೊಳ್ಳೆಬತ್ತಿ ಹಚ್ಚಿಟ್ಟರೆ ನಡೆಯುತ್ತ ನಡೆಯುತ್ತ ಹೊಗೆ ಬರುತ್ತದೆ. ಅದನ್ನು ಕಟ್ಟಿಕೊಂಡು ಮನೆಯೊಳಗೆ ನಾಲ್ಕು ಸುತ್ತು ಹಾಕಿದಾಗ ವಿಮಲಾ ಉತ್ತರಪತ್ರಿಕೆಯಿಂದ ತಲೆಯೆತ್ತಿ, "ಆರತಿ ತಗೊಳ್ಬೇಕಾ?" ಎಂದು ಕೇಳಿದಳು. ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನ ಶರಣಪ್ಪ ಕಲಬುರಗಿಯವನು. ಅವನು ಇದನ್ನೆಲ್ಲ ಕೇಳಿ, "ಬೇವಿನ ಎಣ್ಣಿ ಹಚ್ಕೊಂಡ್ ಹೋಗ್ರಿ ಸರ. ಸೊಳ್ಳಿ ಬಿಡ್ರಿ, ಮಂದೀನೂ ಹತ್ರ ಬರಂಗಿಲ್ಲ" ಎಂದ. ಮಂದಿ ಬಾರದಿದ್ದರೆ ನಡೆದೀತು, ಹೆಂಡತಿಯೂ ಹತ್ತಿರ ಬಾರದಿದ್ದರೆ ಹೋಗುವ ಉದ್ದೇಶವೇ ಹಾಳು ಎಂದು ಆ ಸಲಹೆಯನ್ನು ಕೈಬಿಟ್ಟೆ.

ಕೊನೆಗೆ ಹೋದದ್ದು ಶಿವಾಜಿನಗರಕ್ಕೆ. ಅಲ್ಲಿ ಟಾರ್ಚು, ಟೆಂಟು, ಚೀಲ ಮಾರುವ ಕಿರಿದಾದ ಅಂಗಡಿಯೊಂದಿದೆ. ಅದರ ಯಜಮಾನರು ರಹಮತ್ ಸಾಹೇಬರು, ಮನೆಯಲ್ಲಿ ದಖನಿ ಮಾತಾಡುವವರು. ಅಂಗಡಿಗೆ ಯಾವ ಭಾಷೆಯವರು ಬಂದರೂ ಅವರದೇ ಭಾಷೆಯಲ್ಲಿ ಮಾತಾಡಿಸುವುದು ಅವರ ಮರ್ಯಾದೆ. ಲ್ಯಾಂಪಿನಂಥ ಒಂದು ವಸ್ತುವನ್ನು ನನ್ನ ಮುಂದಿಟ್ಟು ಗುಂಡಿ ಒತ್ತಿದರು. ನೀಲಿ ಬೆಳಕು ಹತ್ತಿತು, ಒಳಗೆ ಪುಟ್ಟ ಫ್ಯಾನೊಂದು ಗುಂಯ್ ಎಂದಿತು. ಆ ನೀಲಿ ಎಷ್ಟು ಚೆನ್ನಾಗಿತ್ತೆಂದರೆ ನಾನು ಆಗಲೇ ಕೆರೆಯ ದಂಡೆಯಲ್ಲಿ, ಟೆಂಟಿನ ಬಾಗಿಲಲ್ಲಿ, ವಿಮಲಾಳ ಪಕ್ಕ ಕೂತುಬಿಟ್ಟಿದ್ದೆ. "ಇದು ಹಾಕಿದ್ರೆ ಸೊಳ್ಳೆ ಎಲ್ಲಾ ಬರ್ತದೆ ಸಾರ್" ಎಂದರು ಸಾಹೇಬರು. ನನ್ನ ಒಳಗಿನ ತಿದ್ದುಗಾರ ಎಚ್ಚೆತ್ತ. "ಬರ್ತದೆ ಅಲ್ಲ ಸಾಹೇಬ್ರೇ, ಹೋಗ್ತವೆ ಅನ್ಬೇಕು" ಎಂದೆ ನಯವಾಗಿ. ಅವರು ಒಂದು ಗಳಿಗೆ ನನ್ನ ಮುಖವನ್ನೇ ನೋಡಿದರು. "ಅಲ್ಲ ಸಾರ್... ಇದು ದೂರ ಇಡ್ಬೇಕು" ಎಂದರು. "ದೂರ ಇಡ್ಬೇಕು ಅಲ್ಲ, ದೂರ ಇಡುತ್ತೆ. ಸೊಳ್ಳೆಗಳನ್ನ ದೂರ ಇಡುತ್ತೆ" ಎಂದು ಅದನ್ನೂ ಸರಿಮಾಡಿಕೊಟ್ಟೆ. ಸಾಹೇಬರು ಕೈ ಎದೆಗೊತ್ತಿಕೊಂಡು, "ಆಯ್ತು ಸಾರ್, ನೀವು ಓದಿರೋರು" ಎಂದರು. ಡಬ್ಬಿಯ ಮೇಲೆ ಇದ್ದದ್ದೆಲ್ಲ ಚೀನೀ ಅಕ್ಷರ. ಅದನ್ನು ತಿದ್ದುವುದು ನನ್ನ ಕೈಲಾಗದ ಕೆಲಸವಾದ್ದರಿಂದ ಹಾಗೇ ಚೀಲಕ್ಕೆ ಹಾಕಿಕೊಂಡು ಬಂದೆ.

ಶನಿವಾರ ಮಧ್ಯಾಹ್ನ ನಮ್ಮ ಗುಂಪಿನ ವ್ಯಾನು ಕೆ.ಆರ್. ಪುರದ ತೂಗುಸೇತುವೆ ದಾಟುವಾಗ ನಾನು ಲ್ಯಾಂಪನ್ನು ಮಡಿಲಲ್ಲಿಟ್ಟುಕೊಂಡು ಅದರ ಗುಣಗಾನ ಮಾಡುತ್ತಿದ್ದೆ. ಹದಿಮೂರು ಜನರೂ ಕೇಳಿಸಿಕೊಂಡರು. ವಿಮಲಾ ಕಿಟಕಿಯ ಹೊರಗೆ ನೋಡುತ್ತಿದ್ದಳು, ಆದರೆ ಅವಳ ಕೆನ್ನೆಯ ಮೇಲೆ ಒಂದು ಸಣ್ಣ ಹೆಮ್ಮೆ ಇತ್ತು. ಇಳಿಸಂಜೆಗೆ ಟೆಂಟುಗಳು ಎದ್ದವು. ಕೆರೆ ತೆಳುವಾದ ಕೇಸರಿ ಬಣ್ಣಕ್ಕೆ ತಿರುಗಿತ್ತು, ಬೆಟ್ಟದ ನೆರಳು ನೀರಿನಲ್ಲಿ ತಲೆಕೆಳಗಾಗಿ ಮಲಗಿತ್ತು. ಎಲ್ಲರನ್ನೂ ಸುತ್ತ ಕೂರಿಸಿ, ನಡುವೆ ಲ್ಯಾಂಪಿಟ್ಟು, ನಾನೇ ಗುಂಡಿ ಒತ್ತಿದೆ. ಎರಡು ನಿಮಿಷ ಸ್ವರ್ಗ. ಮೂರನೆಯ ನಿಮಿಷಕ್ಕೆ ಕೆರೆಯ ಕಡೆಯಿಂದ ಒಂದು ಸಣ್ಣ ರಾಗ ಕೇಳಿಸಿತು. ಆಮೇಲೆ ಅವು ಬಂದವು. ಆ ಕೆರೆಯವು, ಪಕ್ಕದ ಕೆರೆಯವು, ಬಹುಶಃ ತಾಲ್ಲೂಕಿನವು. ಫ್ಯಾನು ತನ್ನ ಕೈಲಾದಷ್ಟನ್ನು ಒಳಗೆ ಎಳೆದುಕೊಂಡಿತು. ಅಲ್ಲಿ ಜಾಗ ಸಿಗದವು ನಮ್ಮನ್ನು ಹಂಚಿಕೊಂಡವು. ಗುಂಪಿನ ಹಿರಿಯರಾದ ನಿವೃತ್ತ ಪೋಸ್ಟ್‌ಮಾಸ್ಟರರು ಕಂಬಳಿ ಹೊದ್ದುಕೊಂಡೇ ಓಡಿದರು. "ರೀ, ಆರಿಸ್ರೀ ಅದನ್ನ! ಅದು ಸೊಳ್ಳೆ ಓಡ್ಸೋ ಮಷೀನಲ್ಲ, ಕರೆದು ಹಿಡಿಯೋ ಮಷೀನು!" ಎಂದು ವಿಮಲಾ ಕೂಗಿದಾಗ ನನಗೆ ರಹಮತ್ ಸಾಹೇಬರ ಎರಡು ವಾಕ್ಯಗಳೂ ಒಂದರ ಹಿಂದೊಂದು ಕೇಳಿಸಿದವು. ಎರಡೂ ಅಪ್ಪಟ ಕನ್ನಡ. ಒಂದಕ್ಷರ ತಪ್ಪಿರಲಿಲ್ಲ. ಸೊಳ್ಳೆ ಬರುತ್ತದೆ, ದೂರ ಇಡಬೇಕು. ಇಷ್ಟು ಸ್ಪಷ್ಟವಾಗಿ ನಮ್ಮ ಆಫೀಸಿನಲ್ಲೂ ಯಾರೂ ಬರೆಯುವುದಿಲ್ಲ.

ಎಲ್ಲರೂ ಮೇಲಿನ ಬಂಡೆಗೆ ಹೋದರು. ಅಲ್ಲಿ ಗಾಳಿ ಬೀಸುವುದರಿಂದ ಸೊಳ್ಳೆ ನಿಲ್ಲುವುದಿಲ್ಲವಂತೆ. ನಾನು ಮುಖ ತೋರಿಸಲಾರದೆ ಇನ್ನೊಂದು ತುದಿಯಲ್ಲಿ ಒಬ್ಬನೇ ಕೂತೆ. ಇನ್ನು ಇವಳು ನನ್ನನ್ನು ಎಲ್ಲಿಗೂ ಕರೆಯುವುದಿಲ್ಲ ಎಂಬುದು ಖಾತ್ರಿಯಾಗಿತ್ತು. ಕರೆಸಿಕೊಳ್ಳುವ ಆಸೆ ನನಗೆ ಅಷ್ಟೊಂದು ಇತ್ತೆಂಬುದು ಆಗಲೇ ಗೊತ್ತಾದದ್ದು. ಸ್ವಲ್ಪ ಹೊತ್ತಿಗೆ ವಿಮಲಾ ಬಂದು ಪಕ್ಕದಲ್ಲಿ ಕೂತಳು. ಬಂಡೆ ಇನ್ನೂ ಬೆಚ್ಚಗಿತ್ತು. ಗಾಳಿಗೆ ಅವಳ ದುಪಟ್ಟಾ ನನ್ನ ಭುಜಕ್ಕೆ ಬಂದು ಬಂದು ಬೀಳುತ್ತಿತ್ತು. ಕೆರೆ ಯಾವುದು, ಆಕಾಶ ಯಾವುದು ಎಂದು ತಿಳಿಯದಂಥ ಬೆಳಕು. ಅಂಥ ಬೆಳಕಿನಲ್ಲಿ ಮನುಷ್ಯ ಏನನ್ನಾದರೂ ಒಪ್ಪಿಕೊಂಡುಬಿಡುತ್ತಾನೆ. "ಸೊಳ್ಳೆ ಒಂದೇ ಅಲ್ಲ ಕಣೇ. ನಂಗೆ ಹತ್ತೋಕ್ಕಾಗಲ್ಲ. ನಿನ್ನ ಮುಂದೆ ಎಲ್ರಿಗಿಂತ ಹಿಂದೆ ಬೀಳ್ತೀನಲ್ಲ ಅಂತ ನಾಚ್ಕೆ" ಎಂದುಬಿಟ್ಟೆ.

"ಗೊತ್ತಿತ್ತು ರೀ" ಎಂದಳು. "ಮನೆ ಮೆಟ್ಲು ಹತ್ತುವಾಗ್ಲೇ ಎರಡು ಕಡೆ ನಿಂತು ಫೋನ್ ನೋಡೋ ನಾಟಕ ಮಾಡ್ತೀರಲ್ಲ."

"ಗೊತ್ತಿದ್ದೂ ಯಾಕೆ ಸುಮ್ನಿದ್ದೆ?"

"ಸೊಳ್ಳೆಗಾದ್ರೆ ಮಷೀನ್ ಸಿಗತ್ತೆ. ನಾಚ್ಕೆಗೆ ಎಲ್ಲಿ ತರ್ಲಿ?" ಎಂದು ಸ್ವಲ್ಪ ನಕ್ಕಳು. ಆಮೇಲೆ ಮೊಣಕಾಲನ್ನು ಅಪ್ಪಿಕೊಂಡು, ನೀರಿನ ಕಡೆ ನೋಡುತ್ತ ಹೇಳಿದಳು: "ಎರಡು ವರ್ಷದಿಂದ ಈ ಗುಂಪಲ್ಲಿ ಕೊನೇಲಿ ಹತ್ತೋಳು ನಾನೇ. ಎಲ್ರೂ ಮುಂದೆ ಹೋಗ್ಬಿಡ್ತಾರೆ. ಮಂಜು ಇಳಿಯೋದು, ಹಕ್ಕಿ ಕೂಗೋದು, ಏನೇ ಇದ್ರೂ ನೋಡಿ ಅಂತ ಹೇಳೋಕೆ ಹಿಂದೆ ಒಂದು ಜೀವ ಇರಲ್ಲ. ಬೇಜಾರಾಗತ್ತೆ. ಅದಕ್ಕೇ ಕರೆದಿದ್ದು."

ಇಪ್ಪತ್ತೇಳು ವರ್ಷ ನಾನು ಯಾವ ಜಾಗಕ್ಕೆ ಹೆದರಿ ಮನೆಯಲ್ಲಿ ಕೂತಿದ್ದೆನೋ ಆ ಜಾಗದಲ್ಲಿ ಎರಡು ವರ್ಷದಿಂದ ಇವಳು ಒಬ್ಬಳೇ ನಡೆಯುತ್ತಿದ್ದಳು. ನಾಳೆ ಅವಳ ಪಕ್ಕದಲ್ಲೇ ಹೆಜ್ಜೆಗೆ ಹೆಜ್ಜೆ ಹಾಕುತ್ತೇನೆ, ಇಬ್ಬರೂ ಜೊತೆಯಾಗಿ ಕೊನೆಯವರಾಗುತ್ತೇವೆ ಎಂದು ಮನಸ್ಸಿನಲ್ಲೇ ಮಾತು ಕೊಟ್ಟೆ. ಆ ಮಾತನ್ನು ಬೆಳಗಿನ ಮಂಜಿನಲ್ಲಿ ಮೊದಲ ತಿರುವಿನವರೆಗೆ ಉಳಿಸಿಕೊಂಡೆ ಕೂಡ. ಅಲ್ಲಿಂದ ಮೇಲೆ ಅವಳ ಬೆನ್ನಿನ ಚೀಲ ಮಾತ್ರ ಕಾಣುತ್ತಿತ್ತು, ಸ್ವಲ್ಪ ಹೊತ್ತಿಗೆ ಅದೂ ಇಲ್ಲ. ಪ್ರತಿ ತಿರುವಿನಲ್ಲೂ ಅವಳು ನಿಂತು, ಸೊಂಟದ ಮೇಲೆ ಕೈಯಿಟ್ಟುಕೊಂಡು, "ಬಂದ್ರಾ?" ಎಂದು ಕೂಗುತ್ತಿದ್ದಳು. ಆ ದನಿಯಲ್ಲಿ ಅಷ್ಟೊಂದು ಖುಷಿಯನ್ನು ನಾನು ಹಿಂದೆಂದೂ ಕೇಳಿರಲಿಲ್ಲ. ತುದಿಯಲ್ಲಿ ಪೋಸ್ಟ್‌ಮಾಸ್ಟರರು, "ಏನ್ ಟೀಚರ್, ಇವತ್ತು ಬೇಗ ಬಂದ್ಬಿಟ್ರಿ" ಎಂದರಂತೆ. ನಾನು ಮೇಲೆ ಮುಟ್ಟಿದಾಗ ಎಲ್ಲರದೂ ಚಿತ್ರಾನ್ನ ಮುಗಿದಿತ್ತು, ನನ್ನ ಪಾಲನ್ನು ಮಾತ್ರ ಅವಳು ಎತ್ತಿಟ್ಟಿದ್ದಳು. ಈಗ ಶಾಲೆಯಲ್ಲಿ, ಬೇಕರಿಯಲ್ಲಿ, ತಂಗಿಯ ಫೋನಿನಲ್ಲಿ, ಸಿಕ್ಕ ಸಿಕ್ಕವರಿಗೆಲ್ಲ ತಾನು ಗುಂಪಿನಲ್ಲಿ ಕೊನೆಯವಳಲ್ಲ ಎಂದು ಹೇಳಿಕೊಂಡು ತಿರುಗುತ್ತಿದ್ದಾಳೆ. ಹಾಗಾದರೆ ಕೊನೆಯವರು ಯಾರು ಎಂದು ಯಾರಾದರೂ ಕೇಳಿದರೆ ಬೆರಳು ಮಾಡಿ ತೋರಿಸುವುದಕ್ಕೆ ಅನುಕೂಲವಾಗಲಿ ಎಂದು ನನ್ನನ್ನೂ ಜೊತೆಗೆ ಕರೆದುಕೊಂಡು ಹೋಗುತ್ತಾಳೆ.