ಅತ್ತೆಯ ಹೆಸರೂ ಮಾವನ ಕುಂಬಳಕಾಯಿಯೂ

ಇಡೀ ಮಕ್ತಲದಲ್ಲಿ ನನ್ನ ಸೋದರಮಾವನಷ್ಟು ತಪ್ಪದೆ ಚರ್ಚಿಗೆ ಹೋಗುವ ಕ್ರೈಸ್ತರು ಯಾರೂ ಇಲ್ಲ. ತೊಡಕು ಒಂದೇ, ಮಾವ ಕ್ರೈಸ್ತನಲ್ಲ! ಹಣೆಗೆ ಢಾಳಾದ ವಿಭೂತಿ, ಕೊರಳಲ್ಲಿ ಲಿಂಗ, ಮೈಮೇಲೆ ಇಸ್ತ್ರಿ ಹಾಕಿದ ಬಿಳಿ ಅಂಗಿ. ವಾರವೆಲ್ಲ ನಾರಾಯಣಪೇಟೆ ಸೀರೆಗಳ ಅಂಗಡಿ. ಭಾನುವಾರ ಬಂತೆಂದರೆ ಊರಿನ ಆಂಗ್ಲಿಕನ್ ಚರ್ಚು. ಊರು ತೆಲಂಗಾಣದ ಗಡಿಯೊಳಗಿದ್ದುದರಿಂದ ಅಲ್ಲಿ ಆರಾಧನೆ ನಡೆಯುವುದು ತೆಲುಗಿನಲ್ಲಿ. ಮಾವ ಅದೇ ರಾಗಕ್ಕೆ ತನಗೆ ತೋಚಿದ ಕನ್ನಡ ಹಚ್ಚಿ, ಉಳಿದವರಿಗಿಂತ ಒಂದು ಸಾಲು ಮೊದಲೇ ಮುಗಿಸಿ, ಇವರೆಲ್ಲ ಯಾಕಿಷ್ಟು ನಿಧಾನ ಎಂಬಂತೆ ಸುತ್ತ ನೋಡುತ್ತಾನೆ.

ಅಲ್ಲಿ ಗಂಡಸರು ಒಂದು ಬದಿ, ಹೆಂಗಸರು ಒಂದು ಬದಿ. ಮಾವ ಕೂರುವುದು ಹೆಂಗಸರ ಬದಿಯ ಕೊನೆಯ ಬೆಂಚಿನಲ್ಲಿ, ಅತ್ತೆಯ ಪಕ್ಕ. ಮೊದಮೊದಲು ಚರ್ಚಿನ ಕಾರ್ಯದರ್ಶಿಗಳು ಬಂದು ಮೆಲ್ಲಗೆ ಹೇಳಿದರು.

"ಸಾವ್ಕಾರ್ರ, ಗಂಡಸರದು ಆ ಕಡಿ ಐತ್ರಿ."

"ಮದುವ್ಯಾಗ ಈಕಿ ಮಗ್ಗಲ ಕುಂದ್ರು ಅಂದ್ರು, ಕುಂತೀನಿ. ಏಳು ಅಂತ ಇನ್ನೂ ಯಾರೂ ಹೇಳಿಲ್ಲ."

"ಈಗ ನಾ ಹೇಳಾಕತ್ತೀನಲ್ರಿ."

"ನೀವು ನಮ್ಮ ಮದುವಿಗೆ ಬಂದಿದ್ರೇನು?"

ಬಂದಿರಲಿಲ್ಲ. ಚರ್ಚಿನಿಂದ ಒಬ್ಬರೂ ಬಂದಿರಲಿಲ್ಲ. ಇರುವ ಜಗಳವೇ ಅದು. ಅತ್ತೆ ಇದೇ ಚರ್ಚಿನಲ್ಲಿ ದೀಕ್ಷಾಸ್ನಾನ ಪಡೆದು, ಇಲ್ಲೇ ಹಾಡು ಕಲಿತು ಬೆಳೆದವಳು. ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾವನನ್ನು ಮದುವೆಯಾದ ಕೂಡಲೇ ಸದಸ್ಯರ ಪಟ್ಟಿಯಿಂದ ಅವಳ ಹೆಸರು ಖಾರಿಜಾಯಿತು. ಬರಬಹುದು, ಹಾಡಬಹುದು, ಬೇಕಾದರೆ ಕಸವನ್ನೂ ಗುಡಿಸಬಹುದು. ಪ್ರಭುಭೋಜನದ ರೊಟ್ಟಿಗೆ ಮಾತ್ರ ಕೈಯೊಡ್ಡುವಂತಿಲ್ಲ! ಎಲ್ಲರೂ ಎದ್ದು ಹೋಗಿ ಪೀಠದ ಮುಂದೆ ಮೊಣಕಾಲೂರುವಾಗ ಅತ್ತೆ ತಲೆ ತಗ್ಗಿಸಿ ಸೆರಗಿನ ಅಂಚು ಸುತ್ತುತ್ತ ಕೂತಿರುತ್ತಿದ್ದಳು. ಅದನ್ನು ನೋಡಲಾರದೆ ಮಾವ ಛಾವಣಿಯ ತೊಲೆ ನೋಡುತ್ತಿದ್ದ. ಅವಳ ಹೆಸರನ್ನು ಮತ್ತೆ ಬರೆಸಲೇಬೇಕೆಂಬುದು ಅವನ ಹಟ. ಅತ್ತೆ ತಾನಾಗಿ ಎಂದೂ ಬಾಯಿಬಿಟ್ಟು ಕೇಳಿದವಳಲ್ಲ.

ಮಾವನ ಯುದ್ಧಗಳಲ್ಲಿ ಹೆಸರುವಾಸಿಯಾದದ್ದು ಸುಗ್ಗಿಹಬ್ಬದ್ದು. ಆ ದಿನ ಎಲ್ಲರೂ ತಾವು ಬೆಳೆದದ್ದರಲ್ಲಿ ಮೊದಲ ಪಾಲನ್ನು ಚರ್ಚಿಗೆ ತರುತ್ತಾರೆ. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಹರಾಜು. ಮಾವ ಮಾಗನೂರಿನ ತನ್ನ ಹೊಲದಿಂದ ಇಬ್ಬರು ಹೊರಬೇಕಾದಂಥ ಕುಂಬಳಕಾಯಿ ತರಿಸಿ, ಅತ್ತೆಯ ಕೈಯಿಂದಲೇ ಒಪ್ಪಿಸಿ, ತಾನೇ ಅದಕ್ಕೆ ಸವಾಲು ಕೂಗುತ್ತಾನೆ. ಹೊರಗಿನವನ ಮುಂದೆ ಕಾರ್ಯದರ್ಶಿಗಳು ಸೋಲುವುದುಂಟೇ? ಅವರೂ ಏರಿಸುತ್ತಾರೆ. ಕುಂಬಳಕಾಯಿಯ ಬೆಲೆ ಕುರಿಯ ಬೆಲೆಯನ್ನು ಮುಟ್ಟಿದಾಗ ಮಾವ ತಟ್ಟನೆ ಕೈಮುಗಿದು ಕೂತುಬಿಡುತ್ತಾನೆ. ಆ ವಾರವಿಡೀ ಕಾರ್ಯದರ್ಶಿಗಳ ಮನೆಯಲ್ಲಿ ಕುಂಬಳಕಾಯಿ ಪಲ್ಯ, ಕುಂಬಳಕಾಯಿ ಸಾರು, ಕುಂಬಳಕಾಯಿ ಕಡುಬು!

"ಕಾಯಿ ತಗೊಂತೀರಿ, ಕಾಯಿ ತಂದಾಕಿನ್ನ ತಗೊಳ್ಳಂಗಿಲ್ಲ," ಎನ್ನುತ್ತಾನೆ ಮಾವ ಹೊರಡುವಾಗ. "ಇದ್ಯಾವ ನ್ಯಾಯ್ರಿ?"

ಹೋದ ವರ್ಷ ಚರ್ಚಿನ ಸಮಿತಿಗೆ ಚುನಾವಣೆ ಬಂತು. ಅಬ್ಬಾ, ಶಾಸಕರ ಚುನಾವಣೆಗೂ ಅಷ್ಟು ಚಹಾ ಖರ್ಚಾಗುವುದಿಲ್ಲ! ತಕರಾರಿದ್ದವರು ಹೇಳಲೆಂದು ಸದಸ್ಯರ ಪಟ್ಟಿಯನ್ನು ಚರ್ಚಿನ ಬಾಗಿಲಿಗೆ ಅಂಟಿಸಿದ್ದರು. ಮಾವ ಕನ್ನಡಕ ಏರಿಸಿ ಓದಿದ. ಚರ್ಚಿನ ಹಿಂದಿನ ಸ್ಮಶಾನದಲ್ಲಿ ಎಂದೋ ಮಲಗಿದ ಹಿರಿಯರೆಲ್ಲ ಅದರಲ್ಲಿ ಸುಖವಾಗಿದ್ದರು. ಉಸಿರಾಡುವ ಅತ್ತೆ ಮಾತ್ರ ಇರಲಿಲ್ಲ.

"ಸತ್ತೋರು ಮತ್ತ ಎದ್ದು ಬರ್ತಾರಂತ ನೀವು ನಂಬ್ತೀರಿ, ಬ್ಯಾಡ ಅನ್ನಂಗಿಲ್ಲ," ಎಂದ ಮಾವ ಕಾರ್ಯದರ್ಶಿಗಳಿಗೆ. "ಆದ್ರ ಓಟಿನ ದಿನಾನ ಏಳ್ತಾರಂತ ಹೆಂಗ ಹೇಳ್ತೀರಿ?"

ಗದ್ವಾಲದಿಂದ ವರ್ಗವಾಗಿ ಬಂದಿದ್ದ ಹೊಸ ಪಾದ್ರಿಗಳು, ಅಂದರೆ ಎಲ್ಲರ ಬಾಯಲ್ಲಿ ಅಯ್ಯಗಾರು, ಇದನ್ನು ಕೇಳಿ ಬಿದ್ದು ಬಿದ್ದು ನಕ್ಕರಂತೆ. ನಕ್ಕಮೇಲೆ ಅತ್ತೆಯ ವಿಷಯವನ್ನು ಸಮಿತಿಯ ಮುಂದಿಟ್ಟರು. ಸಮಿತಿಯವರು ಹಳೆಯ ಪದ್ಧತಿಯೊಂದನ್ನು ಹುಡುಕಿ ತೆಗೆದರು: ಅತ್ತೆ ಎಲ್ಲರೆದುರು ನಿಂತು, ಹೊರಗಿನವನನ್ನು ಮದುವೆಯಾದದ್ದು ತನ್ನ ತಪ್ಪೆಂದು ಒಪ್ಪಿಕೊಂಡರೆ ಹೆಸರು ಸೇರಿಸಬಹುದು.

ಮಾವ ಇನ್ನು ಬೆಂಚು ಮುರಿಯುವುದೊಂದೇ ಬಾಕಿ ಎಂದುಕೊಂಡಿದ್ದೆ. ಹೋಗಿ ನೋಡಿದರೆ ಮಹಾರಾಯ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಅತ್ತೆಗೆ ಪಾಠ ಹೇಳಿಕೊಡುತ್ತಿದ್ದ!

"ಇವ್ರನ್ನ ಕಟ್ಕೊಂಡಿದ್ದು ನನ್ನ ತಪ್ಪಾತ್ರಿ. ಹಾಂ, ಇಷ್ಟ. ಹೇಳು ನೋಡೂಣು."

ಅತ್ತೆ ಪುಂಡಿಪಲ್ಯದ ಸೊಪ್ಪು ಸೋಸುತ್ತಲೇ ಇದ್ದಳು.

"ಸಿಟ್ಟು ಬಂದಾಗ ದಿನಾ ಅಂತಿ. ಈಗ ಯಾಕ ಬರವಲ್ದು? ಅಲ್ಲಿ ಅಂದು ಬಾ, ಮನಿಗೆ ಬಂದು ವಾಪಸ್ ತಗೋ. ನಾ ಏನೂ ತಿಳ್ಕೊಳ್ಳಂಗಿಲ್ಲ."

ಆ ಭಾನುವಾರ ನಾನೂ ಹೋಗಿ ಅವರ ಬೆಂಚಿನಲ್ಲೇ ಕೂತೆ. ಅಯ್ಯಗಾರು ಕರೆದಾಗ ಅತ್ತೆ ಎದ್ದು ಮುಂದೆ ಹೋದಳು. ಮಾವನ ತುಟಿ ಆಗಲೇ ಆ ಮಾತನ್ನು ಸದ್ದಿಲ್ಲದೆ ಹೇಳುತ್ತಿತ್ತು.

"ನನ್ನಿಂದ ಬಾಳ ತಪ್ಪಾಗ್ಯಾವ್ರಿ," ಎಂದಳು ಅತ್ತೆ. "ಸುಳ್ಳು ಹೇಳೀನಿ, ಮಂದಿ ಮ್ಯಾಲ ಹೊಟ್ಟಿಕಿಚ್ಚು ಪಟ್ಟೀನಿ, ದೇವರ ಮ್ಯಾಲೂ ಸಿಟ್ಟಾಗೀನಿ. ಎಲ್ಲಾ ಒಪ್ಕೊಂತೀನಿ. ಆದ್ರ ಇವ್ರನ್ನ ಮಾಡ್ಕೊಂಡಿದ್ದು ತಪ್ಪಲ್ರಿ. ಅದೊಂದು ನನ್ನ ಕೈಲೆ ಹೇಳಾಕ ಆಗಂಗಿಲ್ಲ."

ಕಾರ್ಯದರ್ಶಿಗಳು ಎದ್ದು ನಿಂತರು. ಅಯ್ಯಗಾರು ಕೈಸನ್ನೆ ಮಾಡಿ ಅವರನ್ನು ಕೂರಿಸಿದರು.

"ಇಷ್ಟು ತಪ್ಪು ಈ ಪೀಠದ ಮುಂದ ನಾನೂ ಒಪ್ಕೊಂಡಿಲ್ಲ. ಇನ್ನೇನು ಬೇಕ್ರಿ? ಹೆಸರು ಬರ್ಕೊಳ್ರಿ."

ಅತ್ತೆ ಅಲ್ಲೇ ಮೊಣಕಾಲೂರಿದಳು. ನಾನು ಮಾವನ ಕಡೆ ತಿರುಗಿದೆ. ಗೆದ್ದ ಠೀವಿಯಲ್ಲಿ ಕಾರ್ಯದರ್ಶಿಗಳನ್ನು ನೋಡಿ ಮೀಸೆಯಡಿ ನಗುತ್ತಿರುತ್ತಾನೆ ಎಂದುಕೊಂಡಿದ್ದೆ. ಮಾವ ಹೆಗಲ ಮೇಲಿನ ವಸ್ತ್ರವನ್ನು ಮುಖಕ್ಕೆ ಒತ್ತಿಕೊಂಡು ಅಳುತ್ತಿದ್ದ. ಅವನ ಬೆನ್ನ ಮೇಲೆ ಕೈಯಿಟ್ಟೆ.

"ಈಕಿ ಬಾಯಾಗಿನ ರೊಟ್ಟಿ ನಾನ ಕಸಗೊಂಡೀನಿ ಅಂತ ಇಷ್ಟು ವರ್ಷ ತಿಳ್ಕೊಂಡಿದ್ದೆಪಾ," ಎಂದ ಮಾವ. "ಈಕಿ ಹಂಗ ತಿಳ್ಕೊಂಡಿಲ್ಲಂತ."