ತುರ್ಕ್‌ಮೆನ್ ಬೀಗತಿಯೂ ನನ್ನ ಬಹುವಚನವೂ

ಹೊಸ ಭಾಷೆ ಕಲಿಯಲು ಹೊರಟವರೆಲ್ಲ ಒಮ್ಮೆಯಾದರೂ ನಗೆಪಾಟಲಾಗುತ್ತಾರೆ. ನನಗಂತೂ ಅದು ದಿನಾ ಹಲ್ಲುಜ್ಜಿದ ಹಾಗೆ. ನೆದರ್ಲೆಂಡ್ಸಿನ ನೈಮೆಗನ್‌ಗೆ ಬಂದು ಐದು ವರ್ಷ ಡಚ್ ಕಲಿತು ಸಾಕಷ್ಟು ಮಾನ ಕಳೆದುಕೊಂಡಿದ್ದೆ. ಉಳಿದ ಚೂರುಪಾರು ಮಾನವನ್ನೂ ಕಳೆಯಲು ತುರ್ಕ್‌ಮೆನ್ ಭಾಷೆ ಬಂತು.

ನಾನೇ ಯಾಕೆ?

ಒಂದು ಭಾನುವಾರ ಮಾಸ್ಟ್ರಿಕ್ಟ್‌ನಿಂದ ತಮ್ಮ ರೈಲು ಹತ್ತಿ ಬಂದ. ಅಲ್ಲಿ ಅವನು ಪಿಎಚ್‌ಡಿ ಮಾಡುತ್ತಿದ್ದ. ಅವಲಕ್ಕಿಯನ್ನು ಎರಡು ಸಲ ಹಾಕಿಸಿಕೊಂಡು ತಿಂದ ಮೇಲೆ ವಿಷಯಕ್ಕೆ ಬಂದ. ಜೊತೆಯಲ್ಲಿ ಓದುವ ತುರ್ಕ್‌ಮೆನಿಸ್ತಾನದ ಹುಡುಗಿಯನ್ನು ಮದುವೆಯಾಗಬೇಕಂತೆ. ಧಾರವಾಡದಲ್ಲಿ ಅಪ್ಪ, ಅವ್ವ ಇಬ್ಬರೂ "ಅಕ್ಕ ಹೂಂ ಅಂದ್ರ ನಮ್ದೂ ಹೂಂ" ಎಂದುಬಿಟ್ಟಿದ್ದರಂತೆ. ತೊಡಕೆಲ್ಲ ಹುಡುಗಿಯ ತಾಯಿಯದು. ಡಿಸೆಂಬರಿನಲ್ಲಿ ಬಂದು, ಹುಡುಗನ ಮನೆಯ ಹೆಣ್ಣುಮಗಳ ಜೊತೆ ಕೂತು ಮಾತಾಡಿದ ಮೇಲೆಯೇ ಅವರು ತೀರ್ಮಾನ ಹೇಳುವವರು. ಆದರೆ ಅವರಿಗೆ ಇಂಗ್ಲಿಷ್ ಬಾರದು.

"ಆ ಹುಡುಗಿನೇ ಅನುವಾದ ಮಾಡ್ಲಿ" ಎಂದೆ.

"ಅದು ಆಗೂದಿಲ್ಲಂತ. ತನ್ನ ಮದಿವಿ ಮಾತು ತಾನ ಅನುವಾದ ಮಾಡೂ ಹುಡುಗಿ ಬೇಕಾದಂಗ ತಿರುಗಿಸ್ತಾಳ ಅಂತ ಅವರವ್ವ ಅಂದಾರ."

ಆ ತಾಯಿಯ ಮೇಲೆ ನನಗೆ ಅಲ್ಲೇ ಗೌರವ ಹುಟ್ಟಿತು. ಆದರೂ ಮೂರು ತಿಂಗಳಲ್ಲಿ ಭಾಷೆ ಕಲಿಯುವುದು ಹುಡುಗಾಟವೇ?

"ಅಕ್ಕಾ, ತುರ್ಕ್‌ಮೆನ್‌ನ್ಯಾಗ ಲಿಂಗಾನ ಇಲ್ಲ" ಎಂದ ತಮ್ಮ.

ಆ ಒಂದು ಮಾತಿಗೆ ಒಪ್ಪಿಬಿಟ್ಟೆ. ಡಚ್ಚಿನಲ್ಲಿ ಪ್ರತಿ ನಾಮಪದಕ್ಕೂ ಲಿಂಗ: ಮೇಜಿಗೆ 'ಡೆ', ಪುಸ್ತಕಕ್ಕೆ 'ಹೆಟ್'. ಯಾಕೆಂದು ಕೇಳಿದರೆ ಹೇಳುವವರಿಲ್ಲ. ಹುಡುಗಿಯನ್ನು ಕೂಡ ನಪುಂಸಕಕ್ಕೆ ಸೇರಿಸಿದ ಭಾಷೆ ಅದು.

ನಮ್ಮ ಮನೆಯವರು ಪೇಪರಿನಿಂದ ತಲೆ ಎತ್ತಿ ಹೇಳಿದರು: "ಲಿಂಗ ಇಲ್ಲಂದ್ರ ಅರ್ಧ ಕಲ್ತಂಗ ಆತು ಬಿಡು. ಉಳಿದಿದ್ದು ಬರೇ ಭಾಷಾ."

ಅಜ್ಜನ ಸಂಗಾತಿ

ಹುಡುಗಿ ಪ್ರತಿ ಭಾನುವಾರ ಬಂದು ಪಾಠ ಹೇಳತೊಡಗಿದಳು. ನಮ್ಮಿಬ್ಬರ ಮಾತೆಲ್ಲ ಇಂಗ್ಲಿಷಿನಲ್ಲಿ. 'ಅಕ್ಕ' ಎನ್ನುವುದನ್ನು ಮಾತ್ರ ತಮ್ಮನಿಂದ ಕಲಿತಿದ್ದಳು. ಮೊದಲ ಪಾಠ 'ಓಲ್'. ಅವನೂ ಓಲ್, ಅವಳೂ ಓಲ್, ಅದೂ ಓಲ್. ನನಗೆ ರೂಢಿಯಾಗಲಿ ಎಂದು ತನ್ನ ಮನೆಯ ಕತೆಯೊಂದನ್ನು ಇಂಗ್ಲಿಷಿನಲ್ಲೇ ಹೇಳುತ್ತ, ಅವನು-ಅವಳು ಬರುವ ಕಡೆಯಲ್ಲೆಲ್ಲ ಓಲ್ ಸೇರಿಸಿದಳು.

"ಓಲ್ ನಮ್ಮ ಮನೆಗೆ ಬಂದಾಗ ಅಜ್ಜನಿಗೆ ಇನ್ನೂ ಹರೆಯ. ಬೆಳಗೆದ್ದರೆ ಅಜ್ಜನಿಗೆ ಮೊದಲು ಓಲ್ ಮುಖವನ್ನೇ ನೋಡಬೇಕು. ಓಲ್‌ಗೆ ಮೂಗಿನ ತುದಿಯಲ್ಲೇ ಸಿಟ್ಟು. ಆದರೂ ಅಜ್ಜ ಓಲ್‌ಗೆ ಕೊಡದೆ ಒಂದು ತುತ್ತು ತಿಂದವನಲ್ಲ. ಓಲ್ ಸತ್ತ ದಿನ ಅಜ್ಜ ಅತ್ತದ್ದು ಊರಿಗೆಲ್ಲ ಕೇಳಿಸಿತಂತೆ."

ನನಗೆ ಕಣ್ಣು ತುಂಬಿ ಬಂತು. ನಮ್ಮ ಮನೆಯವರು ನನಗಾಗಿ ಹೀಗೆ ಅಳುತ್ತಾರೋ ಇಲ್ಲವೋ ಎಂಬ ಚಿಂತೆಯೂ ಸ್ವಲ್ಪ ಸೇರಿಕೊಂಡಿತ್ತು. "ನಿಮ್ಮಜ್ಜಿ ಪುಣ್ಯವಂತೆ. ಫೋಟೋ ಇದೆಯಾ?" ಎಂದೆ.

ಹುಡುಗಿ ತಬ್ಬಿಬ್ಬಾದಳು. "ಅಜ್ಜಿ ಇನ್ನೂ ಗಟ್ಟಿಮುಟ್ಟಾಗಿದ್ದಾರೆ, ಅಕ್ಕ. ನಾನು ಹೇಳಿದ್ದು ಒಂಟೆಯ ಕತೆ."

ಕೇಳಿದ ತಪ್ಪಿಗೆ ಫೋಟೋವನ್ನೂ ತೋರಿಸಿದಳು. ಒಂಟೆಯ ಕೊರಳು ತಬ್ಬಿಕೊಂಡು ಅಜ್ಜ ನಗುತ್ತಿದ್ದ. ಪಕ್ಕದಲ್ಲಿ ಅಜ್ಜಿ ಮುಖ ಗಂಟು ಹಾಕಿಕೊಂಡು ನಿಂತಿದ್ದರು.

ಸಾಲೆಯಿಂದ ಕರೆ

ಬಹುವಚನ ಸುಲಭ. ಪದದ ಕೊನೆಗೆ 'ಲಾರ್' ಇಲ್ಲವೇ 'ಲೇರ್' ಅಂಟಿಸಿದರೆ ಮುಗಿಯಿತು. ಕಿತಾಪ್ ಪುಸ್ತಕ, ಕಿತಾಪ್‌ಲಾರ್ ಪುಸ್ತಕಗಳು. ಓಯ್ ಮನೆ, ಓಯ್‌ಲೇರ್ ಮನೆಗಳು. ಎಲ್ಲಿ ಲಾರ್, ಎಲ್ಲಿ ಲೇರ್ ಎಂಬುದನ್ನು ಪದದ ಸ್ವರ ನೋಡಿ ಹೇಳಬೇಕು. ನಾನು ಹುಡುಗಿಯ ಮುಖ ನೋಡಿ ಹೇಳುತ್ತಿದ್ದೆ. ಪದಕ್ಕೆ ಮೊದಲು ಸಂಖ್ಯೆ ಬಂದರೆ ಎರಡೂ ಬೇಡ, 'ಮೂರು ಕಿತಾಪ್' ಅಂದರೆ ಸಾಕು.

"ನಮ್ಮಂಗ ಐತಿ" ಎಂದರು ಮನೆಯವರು. "ಮೂರು ರೊಟ್ಟಿಗಳನ್ನು ಬಡಿಸು ಅಂದ್ರ ನೀ ಬಡಸ್ತಿಯೇನು?"

ಆದರೆ ನಿಜವಾಗಿ ಕಲಿತವಳು ಆರು ವರ್ಷದ ಮಗಳು. ಚಪಾತಿಲೇರ್, ದೋಸೆಲೇರ್, ಚಡ್ಡಿಲೇರ್ ಎಂದು ಮನೆಯನ್ನೆಲ್ಲ ಬಹುವಚನ ಮಾಡಿದಳು. ಅಷ್ಟಕ್ಕೇ ನಿಲ್ಲಿಸದೆ ಸಾಲೆಗೆ ಹೋಗಿ ಡಚ್ ಪದಗಳಿಗೂ ಅಂಟಿಸಿದಳು. ಅವಳ ಟೀಚರ್ ನಮ್ಮಿಬ್ಬರನ್ನೂ ಕರೆಸಿದರು.

"ಮಗುವಿನ ಮಾತಿನಲ್ಲಿ ಏನೋ ತೊಂದರೆ ಇದೆ. ಮನೆಯಲ್ಲಿ ಯಾವ ಭಾಷೆ?"

"ಕನ್ನಡ, ಸ್ವಲ್ಪ ಇಂಗ್ಲಿಷ್" ಎಂದೆ.

"ಹಾಗಾದರೆ ಈ ಲಾರ್, ಲೇರ್?"

"ಅದು ತುರ್ಕ್‌ಮೆನ್."

ಟೀಚರ್ ಬರೆದುಕೊಳ್ಳುತ್ತ ಕೇಳಿದರು, "ಸರಿ, ಮನೆಯಲ್ಲಿ ತುರ್ಕ್‌ಮೆನ್ ಯಾರು? ತಾಯಿಯೋ, ತಂದೆಯೋ?"

ಮನೆಯವರು ಗಂಭೀರವಾಗಿ ಹೇಳಿದರು: "ಸದ್ಯಕ್ಕೆ ಯಾರೂ ಇಲ್ಲ. ಡಿಸೆಂಬರಿನಲ್ಲಿ ಗೊತ್ತಾಗುತ್ತದೆ."

ಬೀಗತಿ ಬಂದರು

ಡಿಸೆಂಬರ್ ಬಂದೇ ಬಂತು. ಹಿಂದಿನ ದಿನ ತಮ್ಮ ಫೋನ್ ಮಾಡಿದ. "ಅಕ್ಕಾ, ಏನೇನು ಮಾತಾಡ್ತಿ?"

"ನಾಮಪದ ಎಲ್ಲಾ ಬರ್ತಾವು."

"ಮತ್ತ?"

"ಅವುಗಳ ಬಹುವಚನ."

ಪಾಪ, ಅವನ ಇಡೀ ಬಾಳು ನನ್ನ ನಾಲಿಗೆಯ ಮೇಲೆ ಕೂತಿತ್ತು. ಕ್ರಿಯಾಪದದ ಪಾಠ ಇನ್ನೂ ಶುರುವೇ ಆಗಿರಲಿಲ್ಲ.

ಮರುದಿನ ತಮ್ಮ, ಹುಡುಗಿ, ಅವಳ ತಾಯಿ ಮೂವರೂ ಬಂದರು. ತಾಯಿ ಎತ್ತರದ ಹೆಂಗಸು. ತಲೆಗೆ ಹೂವಿನ ವಸ್ತ್ರ, ಅಂಗಿಯ ಕೊರಳಿಗೆ ಕಸೂತಿ. ನನಗೆಂದು ಒಂದು ಚಹಾದ ಕೆಟಲನ್ನೂ ಹಿಡಿಯಿಲ್ಲದ ಬಟ್ಟಲುಗಳನ್ನೂ ತಂದಿದ್ದರು. ಮನೆಯವರು ಮಗಳನ್ನು ಈಜಿನ ಕ್ಲಾಸಿಗೆ ಕರೆದೊಯ್ದಿದ್ದರು. ತಮ್ಮ ಗಾಬರಿಯಲ್ಲಿ ಕೇಕನ್ನು ಅಂಗಡಿಯಲ್ಲೇ ಬಿಟ್ಟು ಬಂದಿದ್ದ. ಒಬ್ಬನನ್ನೇ ಕಳಿಸಿದರೆ ಅವನನ್ನೂ ಅಲ್ಲೇ ಬಿಟ್ಟು ಬರುತ್ತಾನೆಂದು ಹುಡುಗಿಯೂ ಜೊತೆಗೆ ಹೋದಳು. ಉಳಿದವರು ನಾವಿಬ್ಬರೇ.

ತಾಯಿ ಸುತ್ತ ನೋಡಿ ಏನೋ ಉದ್ದ ಮಾತು ಹೇಳಿದರು. ಅದರಲ್ಲಿ 'ಓಯ್' ಎಂಬುದು ನನಗೆ ಸಿಕ್ಕಿತು. "ಓಯ್‌ಲೇರ್!" ಎಂದೆ ಹೆಮ್ಮೆಯಿಂದ. ಅವರು ಕಿಟಕಿಯ ಹತ್ತಿರ ಹೋಗಿ ನಮ್ಮ ಎರಡನೆಯ ಮನೆ ಎಲ್ಲಿದೆ ಎಂದು ಹುಡುಕಿದರು.

ಮಾತು ಬೇಡ, ಉಪಚಾರದಲ್ಲೇ ಗೆಲ್ಲೋಣ ಎಂದುಕೊಂಡೆ. ಬೀಗರಿಗೆ ಅರ್ಧ ಲೋಟ ಕೊಟ್ಟರೆ ಸತ್ತ ಮೇಲೂ ಆಡಿಕೊಳ್ಳುತ್ತಾರೆ ಎಂದು ನಮ್ಮವ್ವ ಹೇಳುತ್ತಿದ್ದಳು. ಅವರ ಕೆಟಲಿನಲ್ಲೇ ಹಸಿರು ಚಹಾ ಮಾಡಿ, ಬಟ್ಟಲಿನ ಅಂಚು ತುಂಬಿ ತುಳುಕುವಂತೆ ಸುರಿದು ಕೊಟ್ಟೆ.

ತಾಯಿ ಬಟ್ಟಲು ನೋಡಿದರು, ನನ್ನನ್ನು ನೋಡಿದರು. ಸುಡುವ ಚಹಾವನ್ನು ಗಟಗಟ ಕುಡಿದು, ಎದ್ದು ಕೋಟಿಗೆ ಕೈ ಹಾಕಿದರು.

ಇಷ್ಟು ಬೇಗ ಬೇಡವಾದೆವೇ? "ಕೂಡ್ರಿ, ಕೂಡ್ರಿ" ಎಂದು ಕೈ ಹಿಡಿದು ಕೂರಿಸಿ, ಇನ್ನೊಂದು ಬಟ್ಟಲು ತುಂಬಿಸಿದೆ. ಮತ್ತೆ ಗಟಗಟ ಕುಡಿದರು, ಮತ್ತೆ ಎದ್ದರು. ಮತ್ತೆ ಕೂರಿಸಿದೆ, ಮತ್ತೆ ತುಂಬಿಸಿದೆ. ಅವರ ಕಣ್ಣಲ್ಲಿ ನೀರಾಡತೊಡಗಿತು. ಕೊನೆಗೆ, ಹೊರಟ ನೆಂಟರ ಚಪ್ಪಲಿ ಬಚ್ಚಿಡುವ ನಮ್ಮ ಕಡೆಯ ಪದ್ಧತಿ ನೆನಪಾಯಿತು. ಅವರ ಕೋಟನ್ನು ಒಯ್ದು ಕಪಾಟಿನಲ್ಲಿಟ್ಟು ಬೀಗ ಹಾಕಿ, ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು, ಮತ್ತೊಂದು ಬಟ್ಟಲು ತುಂಬಿಸಿದೆ.

ಅಷ್ಟರಲ್ಲಿ ತಮ್ಮ, ಹುಡುಗಿ ಕೇಕು ಹಿಡಿದು ಬಂದರು. ತಾಯಿ ಒಂದೇ ಉಸಿರಿನಲ್ಲಿ ಏನೋ ಹೇಳಿದರು. ಹುಡುಗಿ ತಲೆಯ ಮೇಲೆ ಕೈ ಇಟ್ಟುಕೊಂಡಳು.

"ಅಕ್ಕ, ನಮ್ಮ ಮನೇಲಿ ಅತಿಥಿಗೆ ಚಹಾ ಸ್ವಲ್ಪ ಸ್ವಲ್ಪವೇ ಹಾಕ್ತಾರೆ. ಹಾಕ್ತಾನೇ ಇರ್ತೀವಿ, ಕೂತೇ ಇರಿ ಅಂತ. ಬಟ್ಟಲು ತುಂಬಿಸಿ ಕೊಟ್ಟರೆ, ಕುಡಿದು ಹೊರಡಿ ಅಂತ ಅರ್ಥ."

"ಮುಗೀತು" ಎಂದು ತಮ್ಮ ಸೋಫಾದ ಮೇಲೆ ಕುಸಿದ. ಕೆಳಗಿದ್ದದ್ದು ಕೇಕು. ನನಗೆ ಅಳುವೇ ಬಂತು. ಒಬ್ಬನೇ ತಮ್ಮನ ಮದುವೆಯನ್ನು ನಾನೇ ಕೈಯಾರೆ ಕೆಡಿಸಿದ್ದೆ.

ತುಂಬಿದ ಲೋಟ, ಬಚ್ಚಿಟ್ಟ ಚಪ್ಪಲಿ ಎಂದು ನಾನು ಹೇಳಿದ ನಮ್ಮ ಪದ್ಧತಿಯನ್ನು ಹುಡುಗಿ ತಾಯಿಗೆ ತಿಳಿಸಿದಳು. ಅವರು ನನ್ನನ್ನು, ಸೊಂಟದ ಬೀಗದ ಕೈಯನ್ನು ದಿಟ್ಟಿಸಿ ನೋಡಿದರು. ಆಮೇಲೆ ನಿಧಾನವಾಗಿ ಮಾತಾಡಿದರು. ಹುಡುಗಿ ಬಿಕ್ಕುತ್ತ ಅನುವಾದಿಸಿದಳು:

"'ಇವರು ಹೋಗು ಹೋಗು ಅಂತಾರೆ, ಕೋಟಿಗೆ ಬೀಗ ಹಾಕ್ತಾರೆ. ನನಗೇನೂ ಅರ್ಥವಾಗಲಿಲ್ಲ. ಆದರೆ ಬಂದವರನ್ನು ಇಷ್ಟು ಗಟ್ಟಿಯಾಗಿ ಹಿಡಿದುಕೊಳ್ಳೋ ಮನೆಗೆ ಮಗಳನ್ನ ಕೊಡೋಕೆ ಹೆದರಿಕೆಯಿಲ್ಲ.'"

ತಮ್ಮ ಕೇಕಿನ ಸಮೇತ ಎದ್ದು ನಿಂತ. ನಾನು ಹೋಗಿ ಬೀಗತಿಯನ್ನು ಅಪ್ಪಿಕೊಂಡೆ, ಬಿಡಲೇ ಇಲ್ಲ. ಅವರು ನನ್ನ ಭುಜದ ಮೇಲಿಂದ ಇನ್ನೊಂದು ಮಾತು ಹೇಳಿದರು, ಬಹಳ ಕಳಕಳಿಯಿಂದ. ಮದುವೆಯ ದಿನ ಗೊತ್ತು ಮಾಡುತ್ತಿರಬೇಕೆಂದು ನಾನೂ ತಮ್ಮನೂ ಹುಡುಗಿಯ ಮುಖ ನೋಡಿದೆವು.

ಹುಡುಗಿ ಕಣ್ಣೊರೆಸಿಕೊಂಡು ಹೇಳಿದಳು, "ಟಾಯ್ಲೆಟ್ ಎಲ್ಲಿದೆ ಅಂತ ಕೇಳ್ತಿದ್ದಾರೆ, ಅಕ್ಕ. ಅದಕ್ಕೂ ಬೀಗ ಹಾಕಿದ್ದೀರಾ ಅಂತ."